ಅವ್ವ ಕೇಳಿದ ಗಾಳಿ

ನಮ್ಮವ್ವ ನಾಸಿಕ್‌ನಲ್ಲಿ ಹನ್ನೆರಡು ಅಂಗಡಿ ಕಟ್ಟಿಸಲು ಹೊರಟಿದ್ದಳು. ಅದೂ ಒಂದೇ ಒಂದು ಶಬ್ದದಿಂದ!

ನಗಬೇಡಿ, ಪೂರ್ತಿ ಕೇಳಿ. ನಮ್ಮದು ಹಳೆಯ ಮೂರಂತಸ್ತಿನ ಸೊಸೈಟಿ. ಅದನ್ನು ಕೆಡವಿ ಹನ್ನೊಂದು ಅಂತಸ್ತು ಏರಿಸುತ್ತಾರಂತೆ. ಏರಿಸಲಿ. ಊರಿಗೆ ಜನ ಬರುತ್ತಲೇ ಇದ್ದಾರೆ (ಬ್ಯಾಂಕಿನ ಟ್ರಾನ್ಸ್‌ಫರ್ ಆರ್ಡರ್ ಹಿಡಿದು ನಾನೂ ಹಾಗೇ ಬಂದವನು). ಮನೆಗಳು ಅಡ್ಡಡ್ಡ ಹರಡಿ ಪಕ್ಕದ ದಿಂಡೋರಿಯ ದ್ರಾಕ್ಷಿ ತೋಟ ನುಂಗುವುದಕ್ಕಿಂತ ನಾವೇ ಲಿಫ್ಟ್ ಹತ್ತುವುದು ವಾಸಿಯಲ್ಲವೇ?

ಅವ್ವನ ಚಿಂತೆ ಬೇರೆ. ನಮ್ಮ ಗೇಟಿನ ಪಕ್ಕ ಬೇವಿನ ಮರ, ಅದರ ಬುಡಕ್ಕೆ ಕಟ್ಟೆ. ಬೀದರಿನಿಂದ ಬಂದ ಮೇಲೆ ಅವಳು ಮರಾಠಿ ಕಲಿತದ್ದು, ಗೆಳತಿಯರನ್ನು ಗಳಿಸಿದ್ದು, ನನ್ನ ಗೊರಕೆಯ ಸುದ್ದಿಯನ್ನು ಸೊಸೈಟಿಗೆಲ್ಲ ಹಂಚಿದ್ದು ಅಲ್ಲೇ. ಆ ಕಟ್ಟೆ ಹೋದರೆ ಅವಳ ಸಂಜೆಯೇ ಹೋದಂತೆ.

ಪ್ಲಾನ್ ಹಾಕುವ ಮೊದಲು ಆರ್ಕಿಟೆಕ್ಟ್ ಮೇಡಂ ಮನೆಮನೆಗೆ ಬಂದು ಏನು ಬೇಕೆಂದು ಕೇಳಿದರು. ಅವ್ವ ತನ್ನ ಖಡಕ್ ಮರಾಠಿಯಲ್ಲಿ, “ಖಾಲೀ ಗಾಳಿ ಪಾಹಿಜೆ!” ಅಂದಳು. ಅಂದರೆ, ಕೆಳಗೆ ಗಾಳಿ ಬೇಕು. ಮೇಡಂ ಬರೆದುಕೊಂಡರು. ನಾನು ಪಕ್ಕದಲ್ಲೇ ಇದ್ದೆ (ಕ್ರಿಕೆಟ್ ಸ್ಕೋರ್ ನೋಡುತ್ತಾ).

ಕಳೆದ ಭಾನುವಾರದ ಮೀಟಿಂಗಿನಲ್ಲಿ ನಕ್ಷೆ ಬಿಚ್ಚಿದರು. ಬೇವಿನ ಮರ ಮಾಯ! ಕಟ್ಟೆಯ ಜಾಗದಲ್ಲಿ ಸಾಲಾಗಿ ಹನ್ನೆರಡು ಅಂಗಡಿ. ಅವ್ವನ ಮುಖ ಸಣ್ಣದಾಯಿತು.

“ಇದನ್ನ ಯಾರ್ ಕೇಳ್ಯಾರ ಕೇಳೋ,” ಎಂದು ನನ್ನನ್ನು ತಿವಿದಳು. ಕೇಳಿದೆ.

ಮೇಡಂ ನೋಟ್‌ಬುಕ್ ತಿರುವಿದರು. “ಆಜೀ, ತುಮ್ಹೀಚ್! ಖಾಲೀ ಗಾಳೆ ಪಾಹಿಜೆ, ಮ್ಹಣಾಲಾತ್ ನಾ?” ಅಂದರೆ, ಅಜ್ಜಿ, ಕೆಳಗೆ ‘ಗಾಳೆ’ ಬೇಕು ಅಂದವರು ನೀವೇ ಅಲ್ಲವೇ?

ಆಗ ನನ್ನ ತಲೆಗೆ ಹೊಳೆಯಿತು. ಮರಾಠಿಯಲ್ಲಿ ‘ಗಾಳೆ’ ಅಂದರೆ ಅಂಗಡಿ ಮಳಿಗೆಗಳು! ಅವ್ವ ‘ಹವಾ’ ಅನ್ನಬೇಕಿತ್ತು. ಅನ್ನಲಿಲ್ಲ. ತಿದ್ದಬೇಕಾದ ಮಗ ಸ್ಕೋರ್ ನೋಡುತ್ತಿದ್ದ.

ನಾನು ತಪ್ಪೊಪ್ಪಿಕೊಂಡು ವಿವರಿಸಿದೆ. ಇಡೀ ಮೀಟಿಂಗ್ ನಕ್ಕಿತು, ಎಲ್ಲರಿಗಿಂತ ಜೋರಾಗಿ ಮೇಡಂ. ಸೆಕ್ರೆಟರಿ ಮಾತ್ರ ನಗಲಿಲ್ಲ. ಅಂಗಡಿ ಕೈಬಿಟ್ಟರೆ ಲಾಭ ಹೋಗುತ್ತದೆ, ಬಿಲ್ಡರ್ ಒಪ್ಪಬೇಕಲ್ಲ ಎಂದು ಗೊಣಗಿದರು.

“ಮೂಲ್ಯಾಗ ಎರಡ್ ದುಕಾನ್ ಇರ್ಲಿ, ಕೊತಂಬ್ರಿ ತರ್ಲಿಕ್ಕ ರಿಕ್ಷಾ ಯಾಕ?” ಅಂದಳು ಅವ್ವ. “ಬೇಕಾದ್ರ ಮ್ಯಾಲ ಇನ್ನೊಂದ್ ಮಜಲಾ ಏರಸ್ರಿ. ತೆಳಗ ನಮ್ಮ ಕಟ್ಟಿ ಬಿಡ್ರಿ.”

ನಗರ ಯೋಜನೆಯ ಮೇಲೆ ದೊಡ್ಡವರ ಭಾಷಣಗಳನ್ನು ಬಹಳ ಕೇಳಿದ್ದೇನೆ. ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ, ನಿಜವಾಗಿಯೂ ಹೆಮ್ಮೆಯಾಯಿತು. ಇನ್ನೊಂದು ಅಂತಸ್ತಿಗೆ ನಿಯಮ ನೋಡಬೇಕು ಎಂದ ಮೇಡಂ, ಪೆನ್ಸಿಲ್ ತೆಗೆದು ಮೊದಲು ಬೇವಿನ ಮರ ಬರೆದರು.

ಮನೆಗೆ ಬರುತ್ತಾ ಕೇಳಿದೆ, “ಹೊಸಾ ಬಿಲ್ಡಿಂಗ್‌ನ್ಯಾಗ ಎಷ್ಟನೇ ಮಜಲಾ ಬೇಕವ್ವಾ?”

“ಯಾವ್ದರ ಹಿಡಿಯೋ. ನಾ ಏನ್ ದಿನಾ ಮನ್ಯಾಗ ಇರ್ತೀನೇನು?”