ಬೇಡದ ಪದಗಳ ಪಟ್ಟಿ

ಆ ಮನೆಯ ದೊಡ್ಡ ಸೊಸೆ ಏನು ಕೆಲಸ ಮಾಡುತ್ತಾಳೆಂದು ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆಳಗಾದರೆ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಮತ್ತು ಉದ್ದನೆಯ ರಿಜಿಸ್ಟರ್ ಇಟ್ಟುಕೊಂಡು ಕೂರುವ ಅವಳನ್ನು ನೋಡಿ, ಎದುರುಮನೆಯವರು ಯಾವುದೋ ಪರೀಕ್ಷೆಗೆ ಓದುತ್ತಿದ್ದಾಳೆ ಎಂದುಕೊಂಡಿದ್ದರು. ಆರು ವರ್ಷವಾದರೂ ಪಾಸಾಗಲಿಲ್ಲವಲ್ಲ, ಪಾಪ, ಎಂದು ಮರುಗುತ್ತಲೂ ಇದ್ದರು. ಅತ್ತೆಯನ್ನು ಕೇಳಿದರೆ, "ಶೂ ಒಳಗೆ ಹಾಕೋ ಅಟ್ಟೆ ಮಾರ್ತಾಳೆ. ಅಟ್ಟೆ ಅವಳ ಹತ್ತಿರ ಇಲ್ಲ. ಕೊಂಡವರ ಮುಖ ಅವಳು ನೋಡಿಲ್ಲ. ದುಡ್ಡು ಮಾತ್ರ ಬರುತ್ತೆ" ಎನ್ನುತ್ತಿದ್ದರು. ಅತ್ತೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅಟ್ಟೆ ತಯಾರಿಸುವ ಅಂಗಡಿ ಎಲ್ಲೋ ದೂರದಲ್ಲಿತ್ತು. ಹಿಮ್ಮಡಿ ನೋವಿನವರು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಆ ಅಂಗಡಿಯ ಜಾಹೀರಾತು ಬರುವಂತೆ ಮಾಡುವುದು ಅವಳ ಕೆಲಸ. ಯಾರಾದರೂ ಅದನ್ನು ಒತ್ತಿದರೆ, ಒಂದೊಂದು ಒತ್ತಿಗೂ ಅವಳ ಕೈಯಿಂದ ಹಣ ಹೋಗುತ್ತಿತ್ತು. ಒತ್ತಿದವರು ಕೊಂಡರೆ ಅಂಗಡಿಯಿಂದ ಕಮಿಷನ್ ಬರುತ್ತಿತ್ತು. ಒತ್ತಿ, ನೋಡಿ, ಆಕಳಿಸಿ ಹೋದರೆ ಅವಳಿಗೆ ನಷ್ಟ. ಹಾಗಾಗಿ ಯಾರು ಒತ್ತಬೇಕು ಎನ್ನುವುದಕ್ಕಿಂತ ಯಾರು ಒತ್ತಬಾರದು ಎನ್ನುವುದೇ ಅವಳ ವಿದ್ಯೆಯಾಗಿತ್ತು. "ಉಚಿತ" ಎಂದು ಹುಡುಕುವವರು ಬೇಡ. "ಮನೆಯಲ್ಲೇ ಮಾಡುವುದು ಹೇಗೆ" ಎನ್ನುವವರು ಬೇಡ. ಗೊಂಬೆಯ ಶೂ ಹುಡುಕುವವರು ಬೇಡವೇ ಬೇಡ. ಇಂಥ ಒಂದು ಪದ ಹುಡುಕಾಟದಲ್ಲಿ ಕಂಡರೆ ಸಾಕು, ಜಾಹೀರಾತು ತಾನಾಗಿ ಮರೆಯಾಗಬೇಕು. ಅದಕ್ಕೆಂದು ಅವಳು ಒಂದು ಪಟ್ಟಿ ಕಟ್ಟಿದ್ದಳು: ಬೇಡದ ಪದಗಳ ಪಟ್ಟಿ. ನಾನೂರ ಹನ್ನೆರಡು ಪದಗಳು. ಈ ಕೆಲಸಕ್ಕೂ ಮೊದಲು ಒಂಬತ್ತು ವರ್ಷ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳು ಅವಳು. ಪ್ರತಿ ಪದವೂ ಯಾವ ದಿನ ಯಾಕೆ ಸೇರಿತು ಎಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದಳು.

ಮಹಡಿಯ ಮೇಲೆ ಮೈದುನನ ಸಂಸಾರ. ಓರಗಿತ್ತಿ ಹನ್ನೊಂದು ವರ್ಷ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತವಳು. ಅಂಗಡಿ ಮುಚ್ಚಿತು. ಆಗ ಅತ್ತೆ, "ಅವಳಿಗೂ ನಿನ್ನ ಕಂಪ್ಯೂಟರ್ ಕೆಲಸ ಸ್ವಲ್ಪ ತೋರಿಸು" ಎಂದರು. ದೊಡ್ಡವಳು ಆರು ದಿನ ಹೇಳಿಕೊಟ್ಟಳು. ಏಳನೇ ದಿನ ಓರಗಿತ್ತಿ, "ಅಕ್ಕ, ನಾನೂ ಅದೇ ಅಟ್ಟೆ ಹಿಡೀಲಾ? ನನಗೆ ಗೊತ್ತಿರೋ ನೋವು ಅದೊಂದೇ" ಎಂದಾಗ, "ಹಿಡಿ ಕಣೇ, ಅದಕ್ಕೇನು" ಎಂದುಬಿಟ್ಟಳು. ಅಷ್ಟು ಧಾರಾಳವಾಗಿ ಹೇಳಿದ್ದಕ್ಕೆ ಒಂದೇ ಕಾರಣ: ಅವಳ ಕೈಯಲ್ಲಿ ಆಗುವುದಿಲ್ಲ ಎಂಬ ನಂಬಿಕೆ.

ಆಯಿತು. ಎರಡೇ ತಿಂಗಳಲ್ಲಿ ಆಯಿತು.

ಆ ಕಸುಬಿನಲ್ಲಿ ಒಂದು ನಿಯಮವಿದೆ. ಎಷ್ಟು ಜನ ಏಜೆಂಟರು ಒಂದೇ ಅಂಗಡಿಗೆ ಜಾಹೀರಾತು ಹಾಕಿದರೂ, ಒಂದು ಹುಡುಕಾಟಕ್ಕೆ ಒಬ್ಬರದೇ ಕಾಣುವುದು, ಯಾರದು ಮೇಲುಗೈಯೋ ಅವರದು. ದೊಡ್ಡವಳು ತನ್ನ ಪದಗಳನ್ನು ಹುಡುಕಿ ನೋಡಿದರೆ ಅಂಗಡಿ ಅದೇ, ಜಾಗ ಅದೇ, ಸಾಲು ಮಾತ್ರ ಬೇರೆ. ಅವಳದು, "ಉತ್ತಮ ಗುಣಮಟ್ಟದ ಅಟ್ಟೆಗಳು, ವೈದ್ಯರ ಸಲಹೆಯಂತೆ." ಅದರ ಜಾಗದಲ್ಲಿ ಈಗ ಓರಗಿತ್ತಿಯದು ಕೂತಿತ್ತು: "ಎಂಟು ಗಂಟೆ ನಿಂತು ಈಗಷ್ಟೇ ಮನೆಗೆ ಬಂದಿರಾ?"

ಅದನ್ನು ಓದಿದಾಗ ಅವಳ ಹಿಮ್ಮಡಿಯೇ ನೊಂದಂತಾಯಿತು. ಹೊಟ್ಟೆಕಿಚ್ಚು ಬಂದದ್ದು ಆಮೇಲೆ. ಆರು ವರ್ಷದಲ್ಲಿ ಈ ಸಾಲು ತನಗೆ ಯಾಕೆ ಹೊಳೆಯಲಿಲ್ಲ? ಹೊಳೆಯುವುದು ಹೇಗೆ, ಲ್ಯಾಬಿನಲ್ಲಿ ಅವಳು ಸ್ಟೂಲಿನ ಮೇಲೆ ಕೂತೇ ಕೆಲಸ ಮಾಡಿದವಳು.

ಸಾಲದ್ದಕ್ಕೆ ಓರಗಿತ್ತಿ ತನ್ನ ಫೋನಿಗೆ ಒಂದು ಸದ್ದು ಕೂರಿಸಿಕೊಂಡಿದ್ದಳು. ಒಂದು ಅಟ್ಟೆ ಮಾರಾಟವಾದರೆ ಒಂದು ಟಿಂಗ್. ಹಳೆಯ ಮನೆ, ತೆಳ್ಳನೆ ಚಾವಣಿ. ಕೆಳಗೆ ಅನ್ನಕ್ಕಿಡುವಾಗ ಟಿಂಗ್. ಬಟ್ಟೆ ಮಡಿಸುವಾಗ ಟಿಂಗ್. ದೊಡ್ಡವಳು ಕೇಳಿಸಿಕೊಳ್ಳಬಾರದೆಂದು ಹಟ ಹಿಡಿದು, ಸಂಜೆಗೆ ಮೂವತ್ತೊಂದು ಎಂದು ಎಣಿಸಿ ಮುಗಿಸಿರುತ್ತಿದ್ದಳು.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊಟಕ್ಕೆ ಕೂತವನು ಒಮ್ಮೆ ಹೇಳಿದ: "ಹೀಗೆ ದಿನಾ ಮೇಲೆ ನೋಡ್ತಾ ಕೂತರೆ ಕುತ್ತಿಗೆ ಹಿಡ್ಕೊಳ್ಳುತ್ತೆ. ಅದಕ್ಕೂ ಏನಾದ್ರೂ ಮಾರ್ತಾರಾ ನೋಡು."

"ನಾನೇನು ಮೇಲೆ ನೋಡ್ತಿಲ್ಲ."

"ಸರಿ. ಚಾವಣಿ ನಿನ್ನನ್ನ ನೋಡ್ತಿದೆ."

ಇಷ್ಟಾಗುವಾಗ ಅಂಗಡಿಯ ಮ್ಯಾನೇಜರನಿಂದ ಇಬ್ಬರಿಗೂ ಒಂದೇ ಕಾಗದ ಬಂತು. ಅಂಗಡಿಯ ಹೊಸ ನಿಯಮದಂತೆ ಒಂದು ವಿಳಾಸಕ್ಕೆ ಒಬ್ಬರೇ ಏಜೆಂಟ್. ನಿಮ್ಮಿಬ್ಬರ ವಿಳಾಸ ಒಂದೇ. ಇನ್ನು ಇಪ್ಪತ್ತು ದಿನದಲ್ಲಿ ಯಾರು ಹೆಚ್ಚು ಮಾರಾಟ ತರುತ್ತಾರೋ ಅವರನ್ನು ಇಟ್ಟುಕೊಳ್ಳುತ್ತೇವೆ. ಇನ್ನೊಬ್ಬರಿಗೆ ನಮ್ಮ ಕೃತಜ್ಞತೆಗಳು.

ದೊಡ್ಡವಳು ಆ ಕೊನೆಯ ವಾಕ್ಯವನ್ನು ಎರಡು ಸಲ ಓದಿದಳು. ಆರು ವರ್ಷ ಕಟ್ಟಿದ ಕೆಲಸಕ್ಕೆ ಕೃತಜ್ಞತೆ. ನಿನ್ನೆ ಮೊನ್ನೆ ಬಂದವಳಿಗೆ ಅಂಗಡಿ.

ಆರನೇ ದಿನ, ಗುರುವಾರ, ಓರಗಿತ್ತಿ ಕೆಳಗಿಳಿದು ಬಂದಳು. ಮುಖ ಸಪ್ಪಗಿತ್ತು. "ಅಕ್ಕ, ಸುಮ್ಮನೆ ಒತ್ತೋರು ಜಾಸ್ತಿಯಾಗಿಬಿಟ್ಟಿದ್ದಾರೆ. ನಿನ್ನೆ ಒಬ್ಬರು ಕುದುರೆಗೆ ಲಾಳ ಹುಡುಕ್ತಾ ಬಂದಿದ್ದಾರೆ. ನಿಮ್ಮ ಆ ಬೇಡದ ಪದಗಳ ಪಟ್ಟಿ ಕೊಡ್ತೀರಾ? ಈಗ ಕೇಳಬಾರದು, ಗೊತ್ತು. ಆದರೂ ಕೇಳ್ತಿದ್ದೀನಿ."

"ಅದರಲ್ಲೇನಿದೆ, ಸಂಜೆ ಕಳಿಸ್ತೀನಿ."

ಕೊಡುವುದಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಇಲ್ಲ ಎಂದರೆ ಹೊಟ್ಟೆಕಿಚ್ಚು ಎಂದು ಗೊತ್ತಾಗಿಬಿಡುತ್ತದಲ್ಲ. ಪಟ್ಟಿ ತೆರೆದಳು. ಮುನ್ನೂರರ ಆಸುಪಾಸಿನಲ್ಲಿ, "ನಕಲಿ" ಮತ್ತು "ನಾಟಕ" ಎರಡರ ಕೆಳಗೆ, ಹೊಸದೊಂದು ಪದ ಬರೆದಳು: ನರ್ಸ್.

ಓರಗಿತ್ತಿಯ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ನರ್ಸ್‌ಗಳೆಂದು ಅವಳಿಗೆ ಗೊತ್ತಿತ್ತು. ನಿಂತೇ ಇರುವವರು ಅವರಲ್ಲದೆ ಇನ್ಯಾರು? ಆ ಪದ ಸೇರಿದರೆ, ನರ್ಸ್ ಎಂದು ಬರೆದು ಹುಡುಕುವ ಒಬ್ಬರಿಗೂ ಆ ಸಾಲು ಕಾಣುವುದಿಲ್ಲ. ಮನಸ್ಸು ಸಮಾಧಾನವನ್ನೂ ಕೂಡಲೇ ಒದಗಿಸಿತು: ನರ್ಸ್ ಕೋರ್ಸು ಹುಡುಕುವವರೂ ಸುಮ್ಮನೆ ಒತ್ತುತ್ತಾರಲ್ಲ, ಬೇಡದ ಪದ ಎನ್ನಲು ಕಾರಣ ಇಲ್ಲದೇ ಇಲ್ಲ. ಆದರೆ ರಿಜಿಸ್ಟರಿನಲ್ಲಿ ಆ ಕಾರಣ ಬರೆಯಲು ಕೈ ಹೋಗಲಿಲ್ಲ. ಆರು ವರ್ಷದಲ್ಲಿ ದಿನಾಂಕವಿಲ್ಲದೆ ಸೇರಿದ ಪದ ಅದೊಂದೇ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಟಿಂಗ್ ವಿರಳವಾಯಿತು. ಶನಿವಾರ ಏಳು. ಭಾನುವಾರ ಆರು. ದೊಡ್ಡವಳು ಪಲ್ಯಕ್ಕೆ ಒಗ್ಗರಣೆ ಹಾಕುತ್ತ ಗುನುಗಿಕೊಂಡದ್ದನ್ನು ಕೇಳಿ ಅತ್ತೆ, "ಏನು, ನಿನ್ನ ಪರೀಕ್ಷೆ ಪಾಸಾಯ್ತಾ?" ಎಂದರು.

ಗಂಟೆಗೊಮ್ಮೆ "ನರ್ಸ್ ಅಟ್ಟೆ" ಎಂದು ಹುಡುಕಿ, ಓರಗಿತ್ತಿಯ ಸಾಲು ಕಾಣದೆ ಇರುವುದನ್ನು ಕಣ್ತುಂಬ ನೋಡುವುದೇ ಅವಳಿಗೆ ಕೆಲಸವಾಯಿತು. ತನ್ನ ಸಾಲೂ ಕಾಣುತ್ತಿರಲಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಕಿ ಹುಡುಕಿ ಒತ್ತದೇ ಬಿಟ್ಟವರಿಗೆ ಆ ಜಾಹೀರಾತು ಕ್ರಮೇಣ ಕಾಣುವುದು ನಿಲ್ಲುತ್ತದೆ ಎಂದು ಅವಳೇ ಓರಗಿತ್ತಿಗೆ ಪಾಠ ಹೇಳಿದ್ದಳು. ದಿನಾ ಬೆಳಿಗ್ಗೆ ತನ್ನ ಮಾರಾಟವನ್ನೂ ಬರೆದಿಡುತ್ತಿದ್ದ ರಿಜಿಸ್ಟರನ್ನು ಮಾತ್ರ ಆ ನಾಲ್ಕು ದಿನ ತೆರೆಯಲೇ ಇಲ್ಲ. ಮೇಲಿನವಳ ಲೆಕ್ಕ ಕಿವಿಗೆ ಬೀಳುತ್ತಿರುವಾಗ ತನ್ನ ಲೆಕ್ಕ ಯಾರಿಗೆ ಬೇಕು?

ಮಂಗಳವಾರ ಮಧ್ಯಾಹ್ನ ಓರಗಿತ್ತಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಳು.

"ಅಕ್ಕ, ನರ್ಸ್‌ಗಳೆಲ್ಲ ಎಲ್ಲಿಗೆ ಹೋದರು?"

"ಅಂದರೆ?"

"ನಾಲ್ಕು ದಿನದಿಂದ ಒಬ್ಬರೂ ಇಲ್ಲ."

"ರಜೆ ಹಾಕಿರಬೇಕು."

"ಎಲ್ಲರೂ ಒಟ್ಟಿಗಾ? ಹಾಗಾದರೆ ರೋಗಿಗಳನ್ನ ಯಾರು ನೋಡ್ಕೋತಿದ್ದಾರೆ?" ಓರಗಿತ್ತಿ ನಗಲು ಪ್ರಯತ್ನಿಸಿದಳು. "ನಿಮ್ಮದು ಹೇಗಿದೆ ನೋಡಿ. ನಿಮಗೆ ಬರ್ತಿದ್ದಾರಾ?"

ತನಗೆ ಬರುತ್ತಿದ್ದಾರೆ ಎಂದು ತೋರಿಸುವ ಚಪಲಕ್ಕೇ ದೊಡ್ಡವಳು ತನ್ನ ಲೆಕ್ಕ ತೆರೆದಳು. ನರ್ಸ್‌ಗಳು ಶುಕ್ರವಾರ ಸೊನ್ನೆ. ಶನಿವಾರ ಸೊನ್ನೆ. ಭಾನುವಾರ, ಸೋಮವಾರ, ಸೊನ್ನೆ. ಏನಾಗಿದೆ ಎಂದು ಮರುಗಳಿಗೆಯೇ ತಿಳಿಯಿತು. ಅವಳ ಪಟ್ಟಿ ಕಾಗದದ ಮೇಲಿನ ಪಟ್ಟಿಯಲ್ಲ. ಅವಳ ಎಲ್ಲ ಜಾಹೀರಾತುಗಳಿಗೂ ಅದೇ ಒಂದು ಪಟ್ಟಿ ಜೋಡಣೆಯಾಗಿತ್ತು. ಕಳಿಸುವ ಮೊದಲು ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಬರೆಯಬೇಕಿತ್ತು. ಅವಸರದಲ್ಲಿ ಮೂಲದಲ್ಲೇ ಬರೆದಿದ್ದಳು. ಓರಗಿತ್ತಿಯ ಮನೆಗೆ ಹಾಕಿದ ಬೀಗ ತನ್ನ ಬಾಗಿಲಿಗೂ ಬಿದ್ದಿತ್ತು.

ಅಷ್ಟರಲ್ಲಿ ಓರಗಿತ್ತಿ ತನ್ನ ಕಡೆಯಿಂದ ಪಟ್ಟಿಯಲ್ಲಿ ಬೆರಳಾಡಿಸುತ್ತ ಬಂದವಳು ನಿಂತಳು. "ಸಿಕ್ತು. ನರ್ಸ್ ಅನ್ನೋದು ಇಲ್ಲೇ ಇದೆ. ನಾನು ಪೂರ್ತಿ ಓದದೆ ಹಾಗೇ ಹಾಕಿಬಿಟ್ಟಿದ್ದೆ." ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಸಹಿಸಲಾಗದ್ದು ಏನೋ ಇತ್ತು. "ಅಯ್ಯೋ ಅಕ್ಕ, ಹಾಗಾದರೆ ಇಷ್ಟು ವರ್ಷ ನೀವು ನರ್ಸ್‌ಗಳನ್ನೆಲ್ಲ ಕಳ್ಕೊಂಡು ಕೂತಿದ್ರಾ? ಎಷ್ಟೊಂದು ನಷ್ಟ ನಿಮಗೆ."

ದೊಡ್ಡವಳು ತನ್ನ ಲ್ಯಾಪ್‌ಟಾಪನ್ನು ಇನ್ನಷ್ಟು ತನ್ನ ಕಡೆಗೆ ತಿರುಗಿಸಿಕೊಂಡಳು.

"ಬೇಜಾರು ಮಾಡ್ಕೋಬೇಡಿ. ಮ್ಯಾನೇಜರಿಗೆ ಬರೆಯೋಣ. ಅಕ್ಕನ ಹಳೇ ಪಟ್ಟಿಯಲ್ಲಿ ಒಂದು ತಪ್ಪಿತ್ತು, ಇಬ್ಬರಿಗೂ ಪೆಟ್ಟು ಬಿತ್ತು, ಈ ನಾಲ್ಕು ದಿನ ಬಿಟ್ಟು ಲೆಕ್ಕ ಹಾಕಿ ಅಂತ. ಯಾರಿಗೂ ಆಗೋ ತಪ್ಪೇ. ಅಷ್ಟು ಪದದಲ್ಲಿ ಒಂದು ಹೆಚ್ಚುಕಮ್ಮಿ."

ಸುಮ್ಮನಿದ್ದರೆ ಆಗುತ್ತಿತ್ತು. ತಲೆಯಾಡಿಸಿದ್ದರೆ ನಾಲ್ಕು ದಿನ ಅಳಿಸಿಹೋಗಿ, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಆದರೆ ಅವಳ ಕಿವಿಯಲ್ಲಿ ಕುಳಿತದ್ದು ಒಂದೇ ಮಾತು: ಹಳೇ ಪಟ್ಟಿಯಲ್ಲಿ ತಪ್ಪು. ತನ್ನ ಪಟ್ಟಿಯಲ್ಲಿ. ಆರು ವರ್ಷ ಒಂದೊಂದೇ ಪದವನ್ನು ತೂಗಿ, ದಿನಾಂಕ ಹಾಕಿ ಸೇರಿಸಿದ ಪಟ್ಟಿಯಲ್ಲಿ. ಅದನ್ನು ಈ ನಿನ್ನೆಮೊನ್ನೆಯವಳು, ಅದೂ ಕನಿಕರದಿಂದ, ಮ್ಯಾನೇಜರನಿಗೆ ಬರೆದು ಹೇಳುವುದೇ? ಕೆಟ್ಟವಳೆನಿಸಿಕೊಳ್ಳಬಹುದು. ಕೆಲಸ ಬಾರದವಳೆನಿಸಿಕೊಳ್ಳುವುದು ಅವಳಿಂದ ಆಗದು.

"ಪಟ್ಟಿಯಲ್ಲಿ ತಪ್ಪಿರಲಿಲ್ಲ" ಎಂದಳು.

"ಇದೆಯಲ್ಲ ಅಕ್ಕ, ನೋಡಿ ಇಲ್ಲೇ..."

"ನೀನು ಕೇಳೋವರೆಗೂ ಇರಲಿಲ್ಲ." ತನ್ನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. ಯಾವ ಬದಲಾವಣೆ ಯಾವಾಗ ಆಯಿತು ಎಂದು ಆ ಯಂತ್ರ ತಾನಾಗಿಯೇ ಬರೆದಿಟ್ಟುಕೊಳ್ಳುತ್ತದೆ. ಗುರುವಾರ, ಸಂಜೆ ಐದು ನಲವತ್ತು, ಒಂದು ಪದ ಸೇರ್ಪಡೆ. ಅದರ ಕೆಳಗೆ ಹೋದ ತಿಂಗಳು ದೊಡ್ಡವಳ ಜಾಹೀರಾತು ಒತ್ತಿದ ನರ್ಸ್‌ಗಳ ಲೆಕ್ಕ, ಸಾಲಾಗಿ.

ಓರಗಿತ್ತಿ ಓದಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು, ಅಥವಾ ಅರ್ಥವಾದದ್ದನ್ನು ಒಪ್ಪಲು ಹಿಡಿಯಿತು.

"ನಾನು ಕೇಳಿದ ಮೇಲೆ" ಎಂದಳು.

"ಹೂಂ."

"ಕೊಡಲ್ಲ ಅಂದಿದ್ರೆ ನಾನು ಎದ್ದು ಹೋಗ್ತಿದ್ದೆ ಅಕ್ಕ."

"ಗೊತ್ತು."

"ನಿಮ್ಮ ಪಟ್ಟಿ ಅಂತ ನಾನು ಕಣ್ಣು ಮುಚ್ಕೊಂಡು ಹಾಕ್ಕೊಂಡೆ. ನಮ್ಮ ಯಜಮಾನ್ರು ಒಂದ್ಸಲ ನೋಡ್ಕೋ ಅಂದರು. ಅಕ್ಕನದು ನೋಡೋದೇನಿದೆ ಅಂದೆ." ಸ್ವರ ಏರಲಿಲ್ಲ. "ನನ್ನ ಸಾಲು ಅಷ್ಟೊಂದು ಚೆನ್ನಾಗಿದೆಯಾ?"

ಮೂದಲಿಕೆಯಿರಬಹುದು ಎಂದು ದೊಡ್ಡವಳು ಅವಳ ಮುಖ ನೋಡಿದಳು. ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

"ಚೆನ್ನಾಗಿದೆ" ಎಂದಳು. ಆ ಒಂದು ಮಾತು ಹೇಳುವುದು ತಪ್ಪೊಪ್ಪಿಗೆಗಿಂತ ಹೆಚ್ಚು ಕಷ್ಟವಾಯಿತು. "ಮೊದಲ ಸಲ ಓದಿದಾಗ ನನಗೇ ಒಂದು ಜೊತೆ ತಗೋಬೇಕು ಅನಿಸ್ತು."

ಓರಗಿತ್ತಿ ತನ್ನ ಪಟ್ಟಿಯಿಂದ ಆ ಪದ ತೆಗೆದಳು. ಮೇಜಿನ ಮೇಲೆ ಬಾಗಿ, ಕೇಳದೆಯೇ, ದೊಡ್ಡವಳ ಪಟ್ಟಿಯಿಂದಲೂ ತೆಗೆದಳು. ಮ್ಯಾನೇಜರಿಗೆ ಅಲ್ಲೇ ಕೂತು ಬರೆದಳು: ನಮ್ಮಿಬ್ಬರ ಕಡೆಯಿಂದ ಒಂದು ತಪ್ಪು ಪದ ಸೇರಿತ್ತು, ತೆಗೆದಿದ್ದೇವೆ, ಆ ನಾಲ್ಕು ದಿನವೂ ಲೆಕ್ಕದಲ್ಲೇ ಇರಲಿ. ಬರೆದದ್ದನ್ನು ತೋರಿಸಲಿಲ್ಲ, ಓದಿ ಹೇಳಿದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನನಗೆ ಸಿಟ್ಟು ಬಂದಿಲ್ಲ ಅಂದ್ಕೋಬೇಡಿ. ಬಂದಿದೆ. ಮೇಲೆ ಹೋಗಿ ಮಾಡ್ಕೋತೀನಿ" ಎಂದಳು.

ಉಳಿದ ಒಂಬತ್ತು ದಿನ ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆಗೆ ಒತ್ತಿ ದಾರಿ ಬಿಟ್ಟುಕೊಂಡರು, ಮಾತಾಡಲಿಲ್ಲ. ಟಿಂಗ್ ಮತ್ತೆ ಮೂವತ್ತಕ್ಕೆ ಏರಿ, ನಲವತ್ತು ದಾಟಿತು. ದೊಡ್ಡವಳು ತನ್ನ ಸಾಲನ್ನು ಏಳು ಸಲ ಬದಲಾಯಿಸಿದಳು. ಏಳೂ ಓರಗಿತ್ತಿಯ ಸಾಲಿನ ದೂರದ ನೆಂಟರಂತಿದ್ದವು, ಯಾವುದೂ ಅದಕ್ಕೆ ಸಮವಾಗಲಿಲ್ಲ. ಇಪ್ಪತ್ತನೇ ದಿನ ಕಾಗದ ಬಂತು. ಕೃತಜ್ಞತೆಗಳು ಕೆಳಗಿನ ಮನೆಗೆ.

ದೊಡ್ಡವಳು ಮೊಣಕಾಲಿಗೆ ಕಟ್ಟುವ ಪಟ್ಟಿ ಮಾರುವ ಬೇರೆ ಅಂಗಡಿ ಹಿಡಿದಳು. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಹೋಗಲಿಲ್ಲ. ಈಗಲೂ ದಿನಕ್ಕೊಮ್ಮೆ ಹಿಮ್ಮಡಿ ನೋವು ಎಂದು ಹುಡುಕಿ ಆ ಸಾಲು ನೋಡುತ್ತಾಳೆ, ಮೂಗು ಮುರಿಯುತ್ತಾಳೆ. ತಿಂಗಳ ಮೇಲೆ ಒಂದು ಬೆಳಿಗ್ಗೆ "ಹಿಮ್ಮಡಿ ಶಸ್ತ್ರಚಿಕಿತ್ಸೆ" ಎಂದು ಹುಡುಕಿದಾಗಲೂ ಅದೇ ಸಾಲು ಬಂದು ನಿಂತಿತು. ಆಪರೇಷನ್ ಆಗಬೇಕಾದವರು ಅಟ್ಟೆ ಕೊಳ್ಳುವುದಿಲ್ಲ, ಒತ್ತಿ ಹೋಗುತ್ತಾರೆ. ಹೋಗಲಿ ಬಿಡು, ಅವಳ ಹಣ, ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಕಾಲು ಗಂಟೆ ತಡೆದಳು. ಆಮೇಲೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು.

"ನಿನ್ನ ಪಟ್ಟಿಗೆ ಒಂದು ಪದ ಸೇರಬೇಕು. ಎಲ್ಲಿ, ಈ ಕಡೆ ಕೊಡು, ಹಾಕ್ತೀನಿ."

ಓರಗಿತ್ತಿ ಕುರ್ಚಿ ಎಳೆದು ಅವಳಿಗೆ ಕೊಟ್ಟಳು. ಲ್ಯಾಪ್‌ಟಾಪ್ ಕೊಡಲಿಲ್ಲ. ತನ್ನ ತೊಡೆಯ ಮೇಲಿಟ್ಟುಕೊಂಡು, "ಹೇಳಿ ಅಕ್ಕ, ನಾನೇ ಟೈಪ್ ಮಾಡ್ತೀನಿ" ಎಂದಳು.