ಪಾವಣೆ ಎಂದರೆ ಎಷ್ಟು

ಅವತ್ತಿನ ಡೈರಿಯಲ್ಲಿ ಒಂದೇ ಸಾಲಿದೆ: ‘ಆರನೇ ತರಗತಿ, ಭಿನ್ನರಾಶಿ ಪರೀಕ್ಷೆ, ನಿರಾಶೆ.’ ಉಳಿದದ್ದು ನೆನಪು. ನೆನಪು ನನ್ನನ್ನು ಒಳ್ಳೆಯವಳೆಂದು ತೋರಿಸಲು ಹವಣಿಸುತ್ತದೆ, ಅದಕ್ಕೇ ಅದನ್ನು ಪೂರ್ತಿ ನಂಬುವುದಿಲ್ಲ.

ಬೆಳಗಾವಿಯ ಶಿವಬಸವ ನಗರದಿಂದ ದಿನವೂ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ಗಣಿತ ಕಲಿಸುತ್ತೇನೆ. ನಾಲ್ಕರಲ್ಲಿ ಮೂರು ಭಾಗ ದೊಡ್ಡದೋ, ಆರರಲ್ಲಿ ಐದು ಭಾಗ ದೊಡ್ಡದೋ ಎಂಬ ಪ್ರಶ್ನೆಗೆ ಒಬ್ಬಳು ‘ಎರಡೂ ಸಮ’ ಎಂದು ಬರೆದಿದ್ದಳು. ಸೊನ್ನೆ ಹಾಕಿದೆ. ನಿಧಾನ ಕಲಿಕೆಯವರ ಪಟ್ಟಿಗೆ ಅವಳ ಹೆಸರು ಸೇರಿಸಿ ಸಹಿ ಮಾಡಿದೆ. ಆ ಪಟ್ಟಿಯ ಮಕ್ಕಳು ವರ್ಷವಿಡೀ ಗಣಿತದ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿ ಕೂತು ಮಗ್ಗಿ ಬರೆಯಬೇಕು. ಅಲ್ಲಿಂದ ಮರಳಿ ಬಂದವರನ್ನು ನಾನು ನೋಡಿಲ್ಲ.

ಸಂಜೆ ಗೇಟಿನ ಹತ್ತಿರ ಸಿಕ್ಕಳು. ಸಿಟ್ಟಿನಲ್ಲೇ ಕೇಳಿದೆ: “ಸಮ ಹೆಂಗಾತು?”

“ಎರಡೂ ಪಾವಣೆ ಅಲ್ರೀ ಅಕ್ಕೋರ. ಒಂದೊಂದ ತುಕಡಿ ಕಮ್ಮಿ.”

ಪಾವಣೆ ಐದು ಅಂದರೆ ಐದಕ್ಕೆ ಕಾಲು ಗಂಟೆ ಕಡಿಮೆ. ಇಲ್ಲಿ ಕನ್ನಡದವರೂ ಮರಾಠಿಯವರೂ ಹೇಳುವುದು ಹೀಗೇ. ಅವಳು ಅದನ್ನು ಬರೀ ‘ಒಂದು ತುಂಡು ಕಡಿಮೆ’ ಎಂದು ತಿಳಿದಿದ್ದಳು, ತುಂಡು ಎಷ್ಟೇ ದೊಡ್ಡದಿರಲಿ. ತಪ್ಪು ಹೌದು. ಆದರೆ ಯೋಚಿಸಿ ಮಾಡಿದ ತಪ್ಪು.

“ಯಾವ ತುಕಡಿ ದೊಡ್ಡದು?”

“ನಾಕರಾಗಿಂದು.” ತಡೆದಳು. ಹಣೆ ಬಡಿದುಕೊಂಡಳು. “ಅಯ್ಯ! ಹಂಗಾರ ಅದಕ್ಕಽ ದೊಡ್ಡ ತುಕಡಿ ಕಮ್ಮಿ ಬಿತ್ತಲ್ರೀ! ಆರರಾಗಿನ ಐದಽ ದೊಡ್ಡದು.”

ಇಷ್ಟು ಬೇಗ ಹೇಳಿದಳೇ, ನಾನೇ ಸುಳಿವು ಕೊಟ್ಟೆನೇ? ಗೊತ್ತಿಲ್ಲ. ಎರಡು ವಾರ ಲ.ಸಾ.ಅ. ಉರು ಹೊಡೆಸಿದ ನಾನು ಈ ಒಂದು ಪ್ರಶ್ನೆ ಕೇಳಿರಲಿಲ್ಲ, ಅದು ಗೊತ್ತು.

ಹೆಡ್‌ಮಾಸ್ತರರ ಬಳಿ ಹೋಗಿ ಅವಳ ಪಾವಣೆ ಲೆಕ್ಕ ಹೇಳಿ, ಪಟ್ಟಿ ವಾಪಸು ಕೇಳಿದೆ.

“ಸಹಿ ನಿಮ್ದೇ ಐತಿ ಬಾಯಾರ. ಈಗೇನು, ಪಾವಣೆ ಮಾರ್ಕ್ಸ್ ಕೊಡಾವ್ರೇನು?” ಎಂದು ನಕ್ಕರು.

“ಉತ್ತರ ತಪ್ಪೈತ್ರಿ. ವಿಚಾರ ಅರ್ಧಾ ಖರೇ ಐತಿ. ನಾಳೆ ಪಾಠ ಅಲ್ಲಿಂದನ ಸುರು ಮಾಡ್ತೀನಿ.”

“ಮತ್ತ ಪೋರ್ಷನ್ ಯಾರ್ ಮುಗಸವ್ರು? ಆ ಹುಡುಗೀನೇನು?”

ಮೈ ಉರಿಯಿತು. ಅವರ ಮೇಲೋ, ಅದೇ ಪೋರ್ಷನ್ನಿನ ಹೆಸರಲ್ಲಿ ಮಕ್ಕಳ ಮಾತಿಗೆ ಕಿವಿ ಮುಚ್ಚಿಕೊಂಡ ನನ್ನ ಮೇಲೋ. ಮೇಜಿನ ಮೇಲಿನ ಪಟ್ಟಿ ಎಳೆದುಕೊಂಡು, ಕಾಗದ ಹರಿಯುವಷ್ಟು ಒತ್ತಿ ಅವಳ ಹೆಸರು ಹೊಡೆದುಹಾಕಿದೆ. ಕೆಳಗೆ ಇನ್ನೂ ಎಂಟು ಹೆಸರಿದ್ದವು. ಆ ಎಂಟು ಮಕ್ಕಳನ್ನು ನಾನು ಏನೂ ಕೇಳಿರಲಿಲ್ಲ.

ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಬಿದ್ದೆ. “ಬಾಯಾರ, ಅದು ಆಫೀಸಿಂದ್ರೀ!” ಎಂದು ಅವರು ಹಿಂದಿನಿಂದ ಕೂಗುತ್ತಿದ್ದರು.