ಹಿಂದಕ್ಕೆ ಸರಿಯುವ ಮೇಷ್ಟ್ರು

ತಿಪಟೂರಿನ ಡಿಪ್ಲೊಮಾ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಡ್ರಾಯಿಂಗ್ ಕಲಿಸುತ್ತಿದ್ದ ಮೇಷ್ಟ್ರು ಯಾರ ನಕ್ಷೆಯನ್ನೂ ಹತ್ತಿರದಿಂದ ನೋಡಿದವರಲ್ಲ. ಪರದೆಯ ಮುಂದೆ ಬಂದವರೇ ಕೈ ಹಿಂದೆ ಕಟ್ಟಿಕೊಂಡು, ಬೆನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ಸರಿಯುತ್ತಿದ್ದರು.

"ಮರದ ಬುಡದಲ್ಲೇ ನಿಂತ್ರೆ ಗೊನೆ ಕಾಣ್ತದೇನಮ್ಮ? ಹಿಂದಕ್ಕೆ ಬಾ."

ನಕ್ಷೆಯನ್ನು ಚಿಕ್ಕದು ಮಾಡಿ ಪೂರ್ತಿ ನೋಡು ಎಂದು ಅದರ ಅರ್ಥ. ತೆಂಗಿನ ತೋಟದ ಮಕ್ಕಳಾದ ನಮಗೆ ಬೇರೆ ವಿವರಣೆ ಬೇಕಿರಲಿಲ್ಲ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದಿದ್ದರು. ಮೇಷ್ಟ್ರು ಬಾಯಿ ತೆರೆಯುವಂತಿರಲಿಲ್ಲ. ನನ್ನ ಕೊಬ್ಬರಿ ಗೋದಾಮಿನ ನಕ್ಷೆ ಮುಗಿಯುತ್ತ ಬಂದಿತ್ತು. ಬೆರಳು ಜಾರಿ ಮೌಸಿನ ಚಕ್ರ ತಿರುಗಿತು. ಗೋಡೆ, ಬಾಗಿಲು, ಅಟ್ಟ ಎಲ್ಲ ಮಾಯ. ಪರದೆ ತುಂಬ ಬರೀ ಕಪ್ಪು ಹಿನ್ನೆಲೆ. ಏನು ಒತ್ತಿದರೂ ಒಂದು ಗೆರೆಯೂ ಕಾಣಲಿಲ್ಲ.

"ಇನ್ನು ಐದೇ ನಿಮಿಷ," ಎಂದರು ಪರೀಕ್ಷಕರು.

ಮೇಷ್ಟ್ರು ನನ್ನ ಪಕ್ಕ ಬಂದು ನಿಂತರು. ಪರದೆ ನೋಡಿದರು, ನನ್ನನ್ನು ನೋಡಿದರು. ತುಟಿ ಬಿಗಿದಿತ್ತು. ಆಮೇಲೆ ಮೆಲ್ಲಗೆ, ಬೆನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ಸರಿದರು.

ನಾನು ನಕ್ಷೆಯನ್ನು ಚಿಕ್ಕದು ಮಾಡುತ್ತ ಹೋದೆ. ಮೂಲೆಯಲ್ಲಿ ನನ್ನ ಗೋದಾಮು ಇಷ್ಟೇ ಇಷ್ಟು ಕಂಡಿತು. ಉಸಿರು ಬಿಡುವಷ್ಟರಲ್ಲಿ ಮೇಷ್ಟ್ರ ದನಿ ಕೇಳಿತು.

"ಸಾರ್, ಈಗ ಈ ಹುಡ್ಗಿಗೆ ನಾನು ಹೇಳ್ಕೊಟ್ಟೆ. ಮಾರ್ಕ್ಸ್ ಹಾಕುವಾಗ ಅದಕ್ಕೆ ಕಡಿಮೆ ಮಾಡ್ಕಳಿ."

ಪರೀಕ್ಷಕರು ಕನ್ನಡಕ ತೆಗೆದರು.

"ನಾನು ಇಲ್ಲೇ ಇದೀನಲ್ರೀ. ನೀವು ತುಟಿ ಪಿಟಕ್ ಅನ್ಲಿಲ್ಲ. ಏನು ಹೇಳ್ಕೊಟ್ರಿ?"

"ಹಿಂದಕ್ಕೆ ಹೋದೆ, ಸಾರ್," ಎಂದರು ಮೇಷ್ಟ್ರು, ಗೋಡೆ ಬಿಟ್ಟು ಕದಲದೆ.